ಗುಂಯ್, ಗರಗರ, ಕಟಕಟ, ಠಣ್: ಫೋರ್-ವೀಲ್-ಡ್ರೈವ್ ಗಾಡಿಯ ಸದ್ದು ಹಿಡಿಯುವುದು ಹೇಗೆ?

"ಕೆಳಗಿಂದ ಏನೋ ಸೌಂಡ್ ಬರ್ತದ ನೋಡ್ರಿ." ಗ್ಯಾರೇಜಿಗೆ ಬರುವ ಅರ್ಧದಷ್ಟು ದೂರುಗಳು ಶುರುವಾಗುವುದು ಈ ಒಂದೇ ಸಾಲಿನಿಂದ. ಉತ್ತರವೂ ಸಾಮಾನ್ಯವಾಗಿ ಒಂದೇ ಸಾಲು: "ಬೇರಿಂಗ್ ಹೋಗಿರಬೇಕು, ಬಿಚ್ಚಿ ನೋಡೋಣ." ಸಾದಾ ಕಾರಿನಲ್ಲಿ ಈ ಊಹೆ ಒಮ್ಮೊಮ್ಮೆ ಸರಿಹೋಗುತ್ತದೆ. ಫೋರ್-ವೀಲ್-ಡ್ರೈವ್ ಗಾಡಿಯಲ್ಲಿ ಮಾತ್ರ ಊಹೆ ದುಬಾರಿ. ಅಲ್ಲಿ ಡಿಫರೆನ್ಷಿಯಲ್ ಎರಡು, ಪ್ರೊಪೆಲ್ಲರ್ ಶಾಫ್ಟ್ ಎರಡು, ನಡುವೆ ಒಂದು ಟ್ರಾನ್ಸ್‌ಫರ್ ಕೇಸ್, ಇವುಗಳ ಜೊತೆಗೆ ಹತ್ತಾರು ಜಾಯಿಂಟು, ಬೇರಿಂಗುಗಳು. ಎಲ್ಲವೂ ಒಂದೇ ಚಾಸಿಗೆ ಕಟ್ಟಿಕೊಂಡಿರುವುದರಿಂದ ಮುಂದಿನ ಸದ್ದು ಹಿಂದೆ ಕೇಳುತ್ತದೆ, ಎಡಗಡೆಯದು ಬಲಗಡೆ ಕೇಳುತ್ತದೆ.

ಬಾದಾಮಿ, ಪಟ್ಟದಕಲ್ಲು, ಐಹೊಳೆ ನಡುವೆ ಪ್ರವಾಸಿಗರನ್ನು ಸುತ್ತಿಸಿ ಬದುಕುವವರಿಗೆ, ಹೊಲಕ್ಕೆ ಗೊಬ್ಬರ, ಬೀಜ ಸಾಗಿಸುವವರಿಗೆ, ಇಳಕಲ್ಲಿನ ಗ್ರಾನೈಟ್ ಕ್ವಾರಿಗೆ ದಿನಾ ಹತ್ತಿಳಿಯುವವರಿಗೆ ಗಾಡಿ ಎರಡು ದಿನ ನಿಂತರೆ ಎರಡು ದಿನದ ದುಡಿಮೆ ಹೋಯ್ತು. ತಪ್ಪು ಭಾಗ ಬದಲಿಸಿದರೆ ದುಡ್ಡೂ ಹೋಯ್ತು, ಸದ್ದೂ ಉಳೀತು. "ಇರಲಿ ಬಿಡು" ಅಂತ ಸುಮ್ಮನಿದ್ದರೆ ಇನ್ನೂ ಕೆಟ್ಟದ್ದು: ಓಡುವಾಗ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಮುರಿದರೆ ಅದು ನೆಲಕ್ಕೆ ಬಡಿಯುತ್ತದೆ, ಗಾಡಿ ಕೈತಪ್ಪುತ್ತದೆ.

ನಾವು ಇಲ್ಲಿ ಹೇಳಹೊರಟಿರುವುದು ಒಂದೇ ಮಾತು. ಸ್ಪ್ಯಾನರ್ ಹಿಡಿಯುವ ಮೊದಲು ಪ್ರಶ್ನೆ ಕೇಳಿ. ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಿ, ಸದ್ದು ಬದಲಾಯಿತೇ ನೋಡಿ. ಲ್ಯಾಬ್‌ನಲ್ಲಿ ಮಾಡುವುದೂ ಇದನ್ನೇ ಅಲ್ವಾ?

ಮೊದಲು ದಾರಿಯ ನಕ್ಷೆ

ಶಕ್ತಿ ಹರಿಯುವ ದಾರಿ ಹೀಗಿದೆ: ಎಂಜಿನ್, ಕ್ಲಚ್, ಗೇರ್‌ಬಾಕ್ಸ್, ಆಮೇಲೆ ಟ್ರಾನ್ಸ್‌ಫರ್ ಕೇಸ್. ಅಲ್ಲಿಂದ ದಾರಿ ಎರಡಾಗುತ್ತದೆ. ಒಂದು ಪ್ರೊಪೆಲ್ಲರ್ ಶಾಫ್ಟ್ ಹಿಂದಿನ ಡಿಫರೆನ್ಷಿಯಲ್‌ಗೆ, ಇನ್ನೊಂದು ಮುಂದಿನದಕ್ಕೆ. ಡಿಫರೆನ್ಷಿಯಲ್‌ನಿಂದ ಹಾಫ್ ಶಾಫ್ಟ್, ಹಬ್, ಚಕ್ರ.

ನಮ್ಮ ಕಡೆ ಕಾಣುವ ಹಳೆಯ ಮಹೀಂದ್ರ ಜೀಪು, 1985ರಲ್ಲಿ ಬಂದ ಮಾರುತಿ ಜಿಪ್ಸಿ, 2020ರ ಹೊಸ ಥಾರ್, 2023ರ ಜಿಮ್ನಿ ಇವೆಲ್ಲ 'ಪಾರ್ಟ್-ಟೈಮ್' ಜಾತಿಯವು. ಅಂದರೆ ಮಾಮೂಲಿಯಾಗಿ ಹಿಂದಿನ ಚಕ್ರಗಳು ಮಾತ್ರ ತಳ್ಳುತ್ತವೆ. ಅದು ಟೂ-ಹೈ. ಲಿವರ್ ಎಳೆದು ಫೋರ್-ಹೈಗೆ ಹಾಕಿದರೆ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳು ಒಂದಕ್ಕೊಂದು ಬಿಗಿಯಾಗಿ ಕೂಡಿಕೊಳ್ಳುತ್ತವೆ, ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಫೋರ್-ಲೋದಲ್ಲಿ ಇದೇ ಕೂಟ, ಆದರೆ ವೇಗ ಕಡಿಮೆ, ಎಳೆತ ಹೆಚ್ಚು.

ಇಲ್ಲೊಂದು ಸೂಕ್ಷ್ಮ ಇದೆ. ಟೂ-ಹೈನಲ್ಲಿದ್ದಾಗ ಮುಂದಿನ ಶಾಫ್ಟು ಸುಮ್ಮನಿರುತ್ತದೆ ಅಂತ ಭಾವಿಸಬೇಡಿ. ಕೆಲವು ಗಾಡಿಗಳಲ್ಲಿ ಹಬ್ ಅಥವಾ ಆಕ್ಸಲ್ ಹತ್ತಿರ ಕೊಂಡಿ ಕಳಚುವ ವ್ಯವಸ್ಥೆ ಇದೆ, ಅಲ್ಲಿ ಅದು ನಿಲ್ಲುತ್ತದೆ. ಇಲ್ಲದ ಗಾಡಿಗಳಲ್ಲಿ ಚಕ್ರವೇ ಅದನ್ನು ತಿರುಗಿಸುತ್ತಾ ಇರುತ್ತದೆ. ನಿಮ್ಮ ಗಾಡಿ ಯಾವ ಬಗೆ ಅಂತ ಮ್ಯಾನ್ಯುಯಲ್ ನೋಡಿ ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಸದ್ದಿಗೂ ಒಂದು ನಿಘಂಟು

ಕನ್ನಡದಲ್ಲಿ ಸದ್ದಿನ ಪದಗಳಿಗೆ ಬರವಿಲ್ಲ. ಅವನ್ನು ಸರಿಯಾಗಿ ಬಳಸಿದರೆ ಅವೇ ಮೊದಲ ಸುಳಿವು.

ಗುಂಯ್: ಒಂದೇ ಶ್ರುತಿಯಲ್ಲಿ ಎಳೆದಂತೆ ಬರುವ, ವೇಗ ಏರಿದಂತೆ ಶ್ರುತಿಯೂ ಏರುವ ಸದ್ದು. ಗೇರಿನ ಹಲ್ಲುಗಳು ಕೂಡುವಲ್ಲಿ ಹುಟ್ಟುತ್ತದೆ. ಡಿಫರೆನ್ಷಿಯಲ್ ಅಥವಾ ಟ್ರಾನ್ಸ್‌ಫರ್ ಕೇಸ್ ನೋಡಬೇಕು.

ಗರಗರ: ಬೀಸುವ ಕಲ್ಲಿನಂಥ ಒರಟು ಸದ್ದು. ಬೇರಿಂಗಿನ ಗುರುತು. ಆದರೆ ದಪ್ಪ ಗಟ್ಟಿನ ಮಡ್ ಟೈರೂ ಹೀಗೇ ಕೂಗುತ್ತದೆ, ಎಚ್ಚರ.

ಕಟಕಟ: ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಬಂದರೆ ಮುಂದಿನ ಸಿ.ವಿ. ಜಾಯಿಂಟ್. ರಬ್ಬರ್ ಬೂಟ್ ಹರಿದು, ಗ್ರೀಸ್ ಚೆಲ್ಲಿ, ಮಣ್ಣು ಒಳಹೊಕ್ಕಿರುತ್ತದೆ. ಬಳ್ಳಾರಿ ಜಾಲಿಯ ಮುಳ್ಳಿನ ನಡುವೆ ಓಡಾಡುವ ಗಾಡಿಗಳಲ್ಲಿ ಬೂಟನ್ನು ಆಗಾಗ ನೋಡಬೇಕು.

ಠಣ್: ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ, ಗೇರ್ ಹಾಕಿ ಕ್ಲಚ್ ಬಿಟ್ಟಾಗ ಒಂದೇ ಸಲ ಬಡಿಯುವ ಸದ್ದು. ಎಲ್ಲೋ ಸಡಿಲ ಇದೆ ಎಂದರ್ಥ: ಯೂನಿವರ್ಸಲ್ ಜಾಯಿಂಟ್, ಸ್ಲಿಪ್ ಜಾಯಿಂಟಿನ ಸ್ಪ್ಲೈನ್, ಇಲ್ಲವೇ ಡಿಫರೆನ್ಷಿಯಲ್ ಹಲ್ಲುಗಳ ನಡುವಿನ ಸಂದು.

ಚಿಂವ್ ಚಿಂವ್: ನಿಧಾನ ವೇಗದಲ್ಲಿ ಲಯಬದ್ಧವಾಗಿ ಗುಬ್ಬಿ ಕೂಗಿದ ಹಾಗೆ. ಯೂನಿವರ್ಸಲ್ ಜಾಯಿಂಟಿನ ಸೂಜಿ ಬೇರಿಂಗ್ ಒಣಗಿದೆ. ಗ್ರೀಸ್ ನಿಪ್ಪಲ್ ಇದ್ದರೆ ಗ್ರೀಸ್ ಹಾಕಿ ನೋಡಿ. ತುಕ್ಕು ಹಿಡಿದಿದ್ದರೆ ಬದಲಿಸಲೇಬೇಕು.

ಕಿರ್ರ್: ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಒಂದು ಹರಳು ಸಿಕ್ಕಿಕೊಂಡಿರಬಹುದು. ಖರ್ಚು ಸೊನ್ನೆ, ಗಾಬರಿ ಮಾತ್ರ ನೂರು ರೂಪಾಯಿದು.

ಐದು ಪ್ರಶ್ನೆಗಳು

ಈ ಪರೀಕ್ಷೆಗಳಿಗೆ ಇಬ್ಬರು ಬೇಕು: ಒಬ್ಬರು ಓಡಿಸಲು, ಒಬ್ಬರು ಕೇಳಲು, ಬರೆಯಲು. ಜನ, ದನ ಇಲ್ಲದ ನೇರ, ಸಮತಟ್ಟಾದ ರಸ್ತೆ ಆರಿಸಿ. ದೇವಸ್ಥಾನದ ಮುಂದಿನ ದಾರಿ ಇದಕ್ಕಲ್ಲ.

1. ಸದ್ದು ಎಂಜಿನ್ ವೇಗಕ್ಕೆ ಅಂಟಿದೆಯೋ, ರಸ್ತೆ ವೇಗಕ್ಕೋ? ಮೊದಲು ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಏರಿಸಿ. ಸದ್ದು ಬಂದರೆ ಚಕ್ರದ ಕಡೆ ಹೋಗುವ ಅಗತ್ಯವಿಲ್ಲ. ಕ್ಲಚ್ ಒತ್ತಿದಾಗ ಸದ್ದು ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಬೇರಿಂಗ್, ಒತ್ತಿದಾಗಲೇ ಶುರುವಾದರೆ ಕ್ಲಚ್ ರಿಲೀಸ್ ಬೇರಿಂಗ್. ಇನ್ನು ಓಡುವಾಗ ಬರುವ ಸದ್ದಾದರೆ, ಆ ವೇಗದಲ್ಲಿ ಒಂದೆರಡು ಕ್ಷಣ ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಆಫ್ ಮಾಡಬೇಡಿ, ಬ್ರೇಕಿಗೂ ಸ್ಟೀರಿಂಗಿಗೂ ಅದರ ನೆರವು ಬೇಕು. ಸದ್ದು ಹಾಗೇ ಉಳಿದರೆ ಅದು ಟ್ರಾನ್ಸ್‌ಫರ್ ಕೇಸಿನಿಂದ ಆಚೆಯದು.

2. ಅದೇ ವೇಗ, ಬೇರೆ ಗೇರ್. 50 ಕಿ.ಮೀ. ವೇಗದಲ್ಲಿ ಮೂರನೇ ಗೇರ್, ಆಮೇಲೆ ನಾಲ್ಕನೇ ಗೇರ್. ಒಂದು ಗೇರಿನಲ್ಲಿ ಮಾತ್ರ ಗುಂಯ್ ಎಂದರೆ ಗೇರ್‌ಬಾಕ್ಸ್. ಎಲ್ಲ ಗೇರಿನಲ್ಲೂ ಒಂದೇ ಶ್ರುತಿ ಎಂದರೆ ಅದಕ್ಕಿಂತ ಮುಂದಿನ ದಾರಿ.

3. ಎಳೆಯುವಾಗಲೋ, ಬಿಟ್ಟಾಗಲೋ? ಆಕ್ಸಿಲರೇಟರ್ ಒತ್ತಿ, ನಂತರ ಕಾಲು ತೆಗೆದು ಎಂಜಿನ್ ಬ್ರೇಕಿಗೆ ಬಿಡಿ. ಗೇರಿನ ಹಲ್ಲಿಗೆ ಎರಡು ಮುಖ: ಒಂದು ಎಳೆಯುವಾಗ ಒತ್ತುತ್ತದೆ, ಇನ್ನೊಂದು ಬಿಟ್ಟಾಗ. ಕಾಲು ತೆಗೆದ ಕೂಡಲೇ ಸದ್ದು ಹುಟ್ಟಿದರೆ ಅಥವಾ ಅಡಗಿದರೆ ಡಿಫರೆನ್ಷಿಯಲ್ ಹಲ್ಲು ಅಥವಾ ಪಿನಿಯನ್ ಬೇರಿಂಗ್ ಅನುಮಾನಿಸಿ. ಚಕ್ರದ ಬೇರಿಂಗ್ ಈ ವ್ಯತ್ಯಾಸಕ್ಕೆ ಅಷ್ಟಾಗಿ ಕಿವಿಗೊಡುವುದಿಲ್ಲ.

4. ಸ್ಟೀರಿಂಗ್ ತಿರುಗಿಸಿದರೆ? ಓಡುತ್ತಾ ಮೆಲ್ಲಗೆ ಎಡಕ್ಕೆ ತಿರುಗಿಸಿದಾಗ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಗರಗರ ಜೋರಾದರೆ ಬಲಗಡೆಯ ಬೇರಿಂಗ್ ನೋಡಿ. ಬಲಕ್ಕೆ ತಿರುಗಿಸಿದಾಗ ಜೋರಾದರೆ ಎಡಗಡೆಯದು.

5. ಟೂ-ಹೈನಲ್ಲೋ, ಫೋರ್-ಹೈನಲ್ಲೋ? ಇದನ್ನು ಸಡಿಲ ಮಣ್ಣು ಅಥವಾ ಮರಳಿನ ಮೇಲೆ ಮಾತ್ರ ಮಾಡಿ, ಕಾರಣ ಮುಂದೆ ಹೇಳುತ್ತೇವೆ. ಫೋರ್-ಹೈನಲ್ಲಿ ಮಾತ್ರ ಸದ್ದು ಬಂದರೆ ಟ್ರಾನ್ಸ್‌ಫರ್ ಕೇಸಿನ ಮುಂದಿನ ಔಟ್‌ಪುಟ್, ಮುಂದಿನ ಶಾಫ್ಟ್, ಮುಂದಿನ ಡಿಫರೆನ್ಷಿಯಲ್ ಈ ಮೂರರಲ್ಲೊಂದು. ಚೈನ್ ಇರುವ ಟ್ರಾನ್ಸ್‌ಫರ್ ಕೇಸಿನಲ್ಲಿ ಜೋರಾಗಿ ಎಳೆದಾಗ ಟಕಟಕ ಹಲ್ಲು ಹಾರಿದಂತೆ ಕೇಳಿದರೆ ಚೈನ್ ಉದ್ದವಾಗಿದೆ.

ಇನ್ನೊಂದು ಉಪಾಯ ಫೋರ್-ವೀಲ್ ಗಾಡಿಯಲ್ಲಿ ಮಾತ್ರ ಸಾಧ್ಯ. ಟ್ರಾನ್ಸ್‌ಫರ್ ಕೇಸಿಗೆ ನ್ಯೂಟ್ರಲ್ ಇದ್ದರೆ, ನಿಂತಲ್ಲೇ ಅದನ್ನು ನ್ಯೂಟ್ರಲ್‌ಗೆ ಹಾಕಿ, ಮುಖ್ಯ ಗೇರ್‌ಬಾಕ್ಸನ್ನು ಒಂದೊಂದೇ ಗೇರಿಗೆ ಹಾಕುತ್ತಾ ಕೇಳಿ. ಚಕ್ರ ತಿರುಗುವುದಿಲ್ಲ, ಗೇರ್‌ಬಾಕ್ಸ್ ಮಾತ್ರ ತಿರುಗುತ್ತದೆ. ಆದರೆ ನೆನಪಿಡಿ: ಆಗ ಗೇರ್ ಹಾಕಿದ್ದರೂ ಗಾಡಿಗೆ ತಡೆಯಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಟ್ಟೇ ಈ ಕೆಲಸ ಮಾಡಬೇಕು.

ಕೆಟ್ಟಿಲ್ಲದೆಯೂ ಬರುವ ಸದ್ದು

ಒಣ ಡಾಂಬರಿನ ಮೇಲೆ ಫೋರ್-ಹೈ ಹಾಕಿ ಗಾಡಿ ತಿರುಗಿಸಿದರೆ ಅದು ನರಳುತ್ತದೆ, ಟೈರು ಜಾರಿ ಕಿರುಗುಟ್ಟುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ. "ಡಿಫರೆನ್ಷಿಯಲ್ ಹೋಯ್ತು" ಅಂತ ಹೆದರುವವರು ಬಹಳ. ಲೆಕ್ಕ ಹಾಕಿ ನೋಡೋಣ.

ತಿರುವಿನಲ್ಲಿ ಮುಂದಿನ ಆಕ್ಸಲ್ ಹಿಂದಿನದಕ್ಕಿಂತ ದೊಡ್ಡ ವೃತ್ತದಲ್ಲಿ ಓಡುತ್ತದೆ. ಮೂರು ಬಾಗಿಲಿನ ಥಾರ್‌ನ ವೀಲ್‌ಬೇಸ್ 2,450 ಮಿ.ಮೀ. ಹಿಂದಿನ ಆಕ್ಸಲಿನ ನಡುಬಿಂದು 5 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತಿದ್ದರೆ, ಮುಂದಿನದರ ತ್ರಿಜ್ಯ ಪೈಥಾಗೊರಸ್ ಪ್ರಕಾರ 25 ಮತ್ತು 6ರ ಮೊತ್ತದ ವರ್ಗಮೂಲ, ಅಂದರೆ ಸುಮಾರು 5.57 ಮೀಟರ್. ಶೇ. 11ರಷ್ಟು ಹೆಚ್ಚು ದೂರ. ಆದರೆ ಟ್ರಾನ್ಸ್‌ಫರ್ ಕೇಸ್ ಎರಡೂ ಶಾಫ್ಟ್‌ಗಳನ್ನು ಸಮ ವೇಗಕ್ಕೆ ಕಟ್ಟಿಹಾಕಿದೆ. ಈ ಶೇ. 11 ಎಲ್ಲಿ ಹೋಗಬೇಕು? ಮಲಪ್ರಭೆಯ ದಂಡೆಯ ಮರಳಿನಲ್ಲಾದರೆ ಟೈರು ಜಾರಿ ಲೆಕ್ಕ ಚುಕ್ತಾ ಆಗುತ್ತದೆ. ಡಾಂಬರಿನ ಮೇಲೆ ಜಾರಲು ಸುಲಭವಿಲ್ಲ, ಹಾಗಾಗಿ ಶಾಫ್ಟ್‌ಗಳು ಹಗ್ಗದಂತೆ ತಿರುಚಿಕೊಳ್ಳುತ್ತವೆ. ಲಿವರ್ ಟೂ-ಹೈಗೆ ಬರದೆ ಸಿಕ್ಕಿಹಾಕಿಕೊಳ್ಳುವುದೂ ಇದರಿಂದಲೇ. ಆಗ ಬಲ ಹಾಕಿ ಎಳೆಯಬೇಡಿ. ಸ್ಟೀರಿಂಗ್ ನೇರ ಮಾಡಿ ಕೆಲವು ಮೀಟರ್ ರಿವರ್ಸ್ ಹೋಗಿ, ಬಿಗಿ ಸಡಿಲಾಗುತ್ತದೆ. ಇದು ರೋಗವಲ್ಲ. ಆದರೆ ಹಾಗೇ ಓಡಿಸುತ್ತಾ ಹೋದರೆ ರೋಗ ಖಂಡಿತ ಬರುತ್ತದೆ.

ಕಿವಿಗೆ ಸಂಖ್ಯೆಯ ಸಾಕ್ಷಿ

ಕಿವಿ ಮೋಸ ಹೋಗಬಹುದು, ಲೆಕ್ಕ ಅಷ್ಟು ಸುಲಭವಾಗಿ ಮೋಸ ಹೋಗುವುದಿಲ್ಲ. ಟೈರಿನ ಮೇಲೆ 255/65 ಆರ್18 ಅಂತ ಬರೆದಿದ್ದರೆ ಅದರ ವ್ಯಾಸ ಸುಮಾರು 789 ಮಿ.ಮೀ., ಸುತ್ತಳತೆ ಸುಮಾರು 2.48 ಮೀಟರ್. ಭಾರಕ್ಕೆ ಸ್ವಲ್ಪ ಕುಗ್ಗುವುದರಿಂದ 2.4 ಎಂದಿಟ್ಟುಕೊಳ್ಳೋಣ. 60 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 16.7 ಮೀಟರ್. ಹಾಗಾದರೆ ಚಕ್ರ ಸೆಕೆಂಡಿಗೆ ಸುಮಾರು 7 ಸುತ್ತು, ಅಂದರೆ 7 ಹರ್ಟ್ಜ್.

ಉದಾಹರಣೆಗೆ ಡಿಫರೆನ್ಷಿಯಲ್ ಪಿನಿಯನ್‌ಗೆ 10 ಹಲ್ಲು, ಕ್ರೌನ್ ವೀಲ್‌ಗೆ 41 ಹಲ್ಲು ಇವೆ ಅನ್ನಿ. (40 ಯಾಕಲ್ಲ? 41 ಆದರೆ ಪ್ರತಿ ಹಲ್ಲೂ ಎದುರಿನ ಎಲ್ಲ ಹಲ್ಲುಗಳನ್ನೂ ಸರದಿಯಂತೆ ಭೇಟಿಯಾಗಿ ಸವೆತ ಸಮವಾಗಿ ಹಂಚಿಹೋಗುತ್ತದೆ.) ಆಗ ಪ್ರೊಪೆಲ್ಲರ್ ಶಾಫ್ಟ್ ಚಕ್ರದ 4.1 ಪಟ್ಟು ವೇಗದಲ್ಲಿ, ಸುಮಾರು 28.5 ಹರ್ಟ್ಜ್‌ನಲ್ಲಿ ತಿರುಗುತ್ತದೆ. ಹಲ್ಲು ಕೂಡುವ ಆವರ್ತನ ಅದರ ಹತ್ತರಷ್ಟು: 285 ಹರ್ಟ್ಜ್. ಈಗ ನಕ್ಷೆ ಸಿಕ್ಕಿತು. 7ರ ಸುತ್ತ ನಡುಕ ಎಂದರೆ ಚಕ್ರ, ಟೈರು. 28.5 ಎಂದರೆ ಶಾಫ್ಟಿನ ತೂಕ ತಪ್ಪಿದೆ. 285 ಎಂದರೆ ಡಿಫರೆನ್ಷಿಯಲ್ ಹಲ್ಲು.

ಯೂನಿವರ್ಸಲ್ ಜಾಯಿಂಟ್ ಇನ್ನೊಂದು ರೀತಿ. ಕೋನದಲ್ಲಿ ತಿರುಗುವಾಗ ಅದರ ಹೊರಗಿನ ವೇಗ ಪ್ರತಿ ಸುತ್ತಿಗೆ ಎರಡು ಸಲ ಏರಿಳಿಯುತ್ತದೆ. ಕೋನ 10 ಡಿಗ್ರಿ ಇದ್ದರೆ ಈ ಏರಿಳಿತ ಹೆಚ್ಚುಕಡಿಮೆ ಶೇ. 1.5. ಶಾಫ್ಟಿನ ಎರಡೂ ತುದಿಯ ಜಾಯಿಂಟುಗಳು ಸಮ ಕೋನದಲ್ಲಿ, ಒಂದೇ ಸಾಲಿನಲ್ಲಿ ಇದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಶಾಫ್ಟ್ ಬಿಚ್ಚಿ ಜೋಡಿಸುವಾಗ ಸ್ಪ್ಲೈನ್ ತಪ್ಪಿ ಕೂತರೆ, ಅಥವಾ ಗಾಡಿ ಎತ್ತರ ಮಾಡಿಸಿ ಕೋನ ಕೆಟ್ಟರೆ 57 ಹರ್ಟ್ಜ್‌ನಲ್ಲಿ ನಡುಕ ಶುರು. ಬಿಚ್ಚುವ ಮೊದಲು ಬಣ್ಣದಿಂದ ಗುರುತು ಹಾಕಿ ಎಂದು ಹಿರಿಯ ಮೇಸ್ತ್ರಿಗಳು ಹೇಳುವುದು ಇದಕ್ಕೇ.

ಇಲ್ಲೊಂದು ಬಲೆ ಇದೆ. ಗೇರ್ ಅನುಪಾತ 1:1 ಇರುವ ಗೇರಿನಲ್ಲಿ ಎಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುತ್ತವೆ. ನಾಲ್ಕು ಸಿಲಿಂಡರ್ ಎಂಜಿನ್ ಪ್ರತಿ ಸುತ್ತಿಗೆ ಎರಡು ಸಲ ಸಿಡಿಯುತ್ತದೆ, ಅದೂ 57 ಹರ್ಟ್ಜ್! ಗ್ರಾಫ್ ನೋಡಿ ತೀರ್ಪು ಕೊಟ್ಟರೆ ಕೆಟ್ಟಿರಿ. ಅದೇ 60ರ ವೇಗದಲ್ಲಿ ಗೇರ್ ಬದಲಿಸಿ: ಎಂಜಿನ್ನಿನ ಗೆರೆ ಸರಿಯುತ್ತದೆ, ಶಾಫ್ಟಿನ ಗೆರೆ ಅಲ್ಲೇ ನಿಲ್ಲುತ್ತದೆ. ನೋಡಿದಿರಾ, ಕೊನೆಗೆ ಕೆಲಸಕ್ಕೆ ಬಂದಿದ್ದು ಎರಡನೇ ಪ್ರಶ್ನೆಯೇ.

ಫೋನಿನ ಉಚಿತ ಸ್ಪೆಕ್ಟ್ರಮ್ ಆಪ್ ಇಷ್ಟಕ್ಕೆ ಸಾಕು. ಆದರೆ ಫೋನಿನ ಮೈಕ್ ತೀರಾ ಕೆಳಗಿನ ಆವರ್ತನ ಸರಿಯಾಗಿ ಹಿಡಿಯದು, ನಡುಕಕ್ಕೆ ಆಕ್ಸೆಲೆರೋಮೀಟರ್ ಬಳಸಿ. ಅದು ಸೆಕೆಂಡಿಗೆ 100 ಮಾದರಿ ತೆಗೆದುಕೊಳ್ಳುತ್ತಿದ್ದರೆ 50 ಹರ್ಟ್ಜ್‌ವರೆಗೆ ಮಾತ್ರ ನಂಬಬಹುದು. 57ರ ನಡುಕ ಅಲ್ಲಿ 43 ಎಂಬ ವೇಷ ಹಾಕಿಕೊಂಡು ಕಾಣಿಸುತ್ತದೆ. ಇ ಅಂಡ್ ಸಿ ಗೆಳೆಯರಿಗೆ ನೈಕ್ವಿಸ್ಟ್ ನೆನಪಾಗಿರಬೇಕು.

ನಮ್ಮ ಮಣ್ಣು, ನಮ್ಮ ನೀರು

ಬೇರೆ ಊರಿನ ಮ್ಯಾನ್ಯುಯಲ್‌ನಲ್ಲಿ ಇಲ್ಲದ ಎರಡು ಕಾರಣ ನಮ್ಮಲ್ಲಿವೆ. ಮೊದಲನೆಯದು ಎರೆ ಮಣ್ಣು. ಮಳೆಯಲ್ಲಿ ಹೊಲದ ದಾರಿಗೆ ಇಳಿದು ಬಂದ ಗಾಡಿಯ ರಿಮ್ಮಿನ ಒಳಮೈಗೆ ಅದು ಮೆತ್ತಿ, ಒಣಗಿ ಕಲ್ಲಾಗುತ್ತದೆ. ಮರುದಿನ ಹೆದ್ದಾರಿಯಲ್ಲಿ 70ರ ಮೇಲೆ ಗಾಡಿ ಗಡಗಡ. ಶಾಫ್ಟ್ ಬಿಚ್ಚುವ ಮುನ್ನ ಒಂದು ಕೊಡ ನೀರು ಹಾಕಿ ರಿಮ್ಮಿನ ಒಳಗೂ ಶಾಫ್ಟಿನ ಮೇಲೂ ತೊಳೆಯಿರಿ.

ಎರಡನೆಯದು ನೀರು. ಆಗಸ್ಟ್ 2019ರ ಪ್ರವಾಹದಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿದ್ದು ನಮಗೆಲ್ಲ ನೆನಪಿದೆ. ಇಂಥ ನೀರಿನಲ್ಲಿ ಇಳಿದ ಗಾಡಿಯ ಸದ್ದು ಅಂದೇ ಬರುವುದಿಲ್ಲ, ತಿಂಗಳುಗಳ ಮೇಲೆ ಬರುತ್ತದೆ. ಕಾರಣ ಸರಳ. ಓಡಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡುವ ಬ್ರೀದರ್ ನಳಿಕೆ ನೀರಿನಲ್ಲಿ ಮುಳುಗಿದ್ದರೆ ಅದರಿಂದಲೇ, ಮಣ್ಣಿನಿಂದ ಮುಚ್ಚಿದ್ದರೆ ಆಯಿಲ್ ಸೀಲಿನ ಸಂದಿನಿಂದ ನೀರು ಒಳಕ್ಕೆ ಎಳೆಯಲ್ಪಡುತ್ತದೆ. ಎಣ್ಣೆ ನೀರು ಬೆರೆತು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಬೇರಿಂಗಿಗೆ ತುಕ್ಕು, ಆಮೇಲೆ ಗರಗರ.

ಹಾಗಾಗಿ ಆಳದ ನೀರು ದಾಟಿದ ಗಾಡಿಯ ಎರಡೂ ಡಿಫರೆನ್ಷಿಯಲ್ ಮತ್ತು ಟ್ರಾನ್ಸ್‌ಫರ್ ಕೇಸಿನ ಎಣ್ಣೆಯನ್ನು ಆ ವಾರವೇ ನೋಡಿ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಲೇಪ ಅಂಟಿದ್ದರೆ ಮಾಮೂಲಿ ಸವೆತ. ಚಕ್ಕೆ, ಚೂರು ಕಂಡರೆ ಒಳಗೆ ಏನೋ ಮುರಿಯುತ್ತಿದೆ. ಹೊಸ ಎಣ್ಣೆ ಹಾಕುವಾಗ ಮ್ಯಾನ್ಯುಯಲ್ ಹೇಳಿದ ದರ್ಜೆಯನ್ನೇ ಹಾಕಿ. ಹೈಪಾಯ್ಡ್ ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಬೇಕಾಗುವ ಜಿ.ಎಲ್.-5 ಎಣ್ಣೆ ಎಲ್ಲ ಗೇರ್‌ಬಾಕ್ಸಿಗೂ ಹೊಂದುವುದಿಲ್ಲ.

ಒಂದು ದೂರು, ಒಂದು ತೀರ್ಮಾನ

ಪಟ್ಟದಕಲ್ಲಿನಿಂದ ಐಹೊಳೆಗೆ ಹೋಗುವಾಗ ಒಂದು ಜೀಪು 50 ದಾಟಿದರೆ ಗರಗರ ಅನ್ನುತ್ತದೆ, ಸದ್ದು ಹಿಂದಿನಿಂದ ಬರುತ್ತಿದೆ, ಹಿಂದಿನ ಡಿಫರೆನ್ಷಿಯಲ್ ಬಿಚ್ಚಿಸಬೇಕು ಎಂಬ ದೂರು ಇದೆ ಎಂದುಕೊಳ್ಳೋಣ. ನ್ಯೂಟ್ರಲ್ ಮಾಡಿದೆವು: ಸದ್ದು ಉಳಿಯಿತು, ಎಂಜಿನ್ ಅಲ್ಲ. ಕಾಲು ಒತ್ತಿ ಬಿಟ್ಟೆವು: ವ್ಯತ್ಯಾಸವಿಲ್ಲ, ಡಿಫರೆನ್ಷಿಯಲ್ ಹಲ್ಲಿನ ಮೇಲಿನ ಅನುಮಾನ ಇಳಿಯಿತು. ಡಾಂಬರಿನಿಂದ ಕಾಂಕ್ರೀಟಿಗೆ ಬಂದೆವು: ಸದ್ದು ಅದೇ, ಟೈರಲ್ಲ. ಎಡಕ್ಕೆ ತಿರುಗಿಸಿದಾಗ ಜೋರು, ಬಲಕ್ಕೆ ತಿರುಗಿಸಿದಾಗ ಮೆತ್ತಗೆ: ಬಲಗಡೆಯ ಬೇರಿಂಗ್. ಮುಂದಿನದೋ ಹಿಂದಿನದೋ?

ಈಗ ಜಾಕ್ ಕೆಲಸ. ಸಮತಟ್ಟು ನೆಲ, ಉಳಿದ ಚಕ್ರಗಳಿಗೆ ಕಲ್ಲು, ಜಾಕ್ ಜೊತೆಗೆ ಸ್ಟ್ಯಾಂಡ್, ಎಂಜಿನ್ ಬಂದ್. ಒಂದೊಂದೇ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಮೇಲೆ ಕೈಯಿಂದ ತಿರುಗಿಸುತ್ತಾ ಇನ್ನೊಂದು ಕೈಯನ್ನು ಸ್ಪ್ರಿಂಗಿನ ಮೇಲಿಡಿ. ಕೆಟ್ಟ ಬೇರಿಂಗಿನ ಒರಟುತನ ಅಂಗೈಗೆ ತಿಳಿಯುತ್ತದೆ. ಒಂದು ಮಾತು: ಜಾಕ್ ಮೇಲಿದ್ದಾಗ ಎಂಜಿನ್ ಚಾಲು ಮಾಡಿ ಗೇರ್ ಹಾಕಲೇಬೇಡಿ. ಫೋರ್-ಹೈ ಅಥವಾ ಡಿಫರೆನ್ಷಿಯಲ್ ಲಾಕ್ ಇದ್ದರೆ ನೆಲದ ಮೇಲಿರುವ ಚಕ್ರ ಗಾಡಿಯನ್ನು ಜಾಕಿನಿಂದ ಕೆಡವುತ್ತದೆ.

ಮುಂದಿನ ಬಲಚಕ್ರ ಅಲ್ಲಾಡಿತು, ಅಂಗೈಗೂ ಒರಟು ಸಿಕ್ಕಿತು. ಬೇಕಾಗಿದ್ದು ಒಂದು ಹಬ್ ಬೇರಿಂಗ್, ಒಂದು ಸೀಲ್. ಹಿಂದಿನ ಡಿಫರೆನ್ಷಿಯಲ್ ತನ್ನ ಪಾಡಿಗೆ ಚೆನ್ನಾಗಿಯೇ ಇತ್ತು.

ಗ್ಯಾರೇಜಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಆರು ಸಾಲು ಬರೆದುಕೊಳ್ಳಿ: ಸದ್ದು ಯಾವ ತರಹ, ಯಾವ ವೇಗದಲ್ಲಿ, ಯಾವ ಗೇರಿನಲ್ಲಿ, ಎಳೆಯುವಾಗಲೋ ಬಿಟ್ಟಾಗಲೋ, ಯಾವ ಕಡೆ ತಿರುಗಿಸಿದಾಗ, ಟೂ-ಹೈನಲ್ಲೋ ಫೋರ್-ಹೈನಲ್ಲೋ. ರಜೆಗೆ ಊರಿಗೆ ಹೋದಾಗ ಮನೆಯ ಗಾಡಿಗೋ ನೆರೆಯವರ ಜೀಪಿಗೋ ಈ ಚೀಟಿ ತುಂಬಿಕೊಡಿ. ಮೇಸ್ತ್ರಿಗೆ ಇರುವ ಕೈಗುಣಕ್ಕೆ ನಿಮ್ಮ ಆರು ಸಾಲು ಸೇರಿದರೆ ಗಾಡಿ ಸಂಜೆಯೊಳಗೆ ಮನೆಗೆ ಬರುತ್ತದೆ.